ಮುಕ್ಕಾಲು ಮುಖ ಬಿಡಿಸುವಾಗ ಹೋಲಿಕೆ ಕೈತಪ್ಪುವುದೇಕೆ?

ಗೆರೆಪುಸ್ತಕ:
ಎಲ್ಲರಿಗೂ ನಮಸ್ಕಾರ. ಫೋಟೊ ನೋಡಿ ಅಲ್ಲ, ಎದುರಿಗೆ ಕೂತವರನ್ನೇ ನೋಡಿ ಪೋರ್ಟ್ರೇಟ್ ಬಿಡಿಸುವ ಬಗ್ಗೆ ಪ್ರಶ್ನೆ. ಎ3 ಕಾರ್ಟ್ರಿಜ್ ಹಾಳೆ, ಎಚ್‌ಬಿ ಮತ್ತು 4ಬಿ ಪೆನ್ಸಿಲ್, ಬೋರ್ಡು ತೊಡೆಯ ಮೇಲೆ. ಎದುರುಮುಖ ತಕ್ಕಮಟ್ಟಿಗೆ ಬರುತ್ತದೆ. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿ ಮುಕ್ಕಾಲು ಮುಖವಾದರೆ ಮುಗೀತು: ಆಚೆ ಬದಿಯ ಕಣ್ಣು ಈಚೆಯದರಷ್ಟೇ ಅಗಲ ಬರುತ್ತೆ, ತಲೆಯ ಹಿಂಭಾಗ ಕುಯ್ದು ತೆಗೆದ ಹಾಗಿರುತ್ತೆ, ಕಣ್ಣಿನ ಬಿಳಿ ದೂರದಿಂದಲೇ ಎದ್ದು ಹೊಡೆಯುತ್ತೆ. ಕೈ ಚಾಚಿ ಪೆನ್ಸಿಲನ್ನು ಕಣ್ಣಿನ ಮುಂದೆ ಹಿಡಿದು ಮುಖ ಅಳೆದರೆ ಒಂದೊಂದು ಸಲಕ್ಕೆ ಒಂದೊಂದು ಅಳತೆ. ತಲೆಕೆಳಗಿಟ್ಟು ಬಿಡಿಸಿ ಅನ್ನುವ ಸಲಹೆ ಎಲ್ಲೆಡೆ ಇದೆ. ಕೂತಿರುವ ಮನುಷ್ಯರನ್ನು ತಲೆಕೆಳಗು ಮಾಡುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಲ್ಲ. ಇದು ಕೈಯ ದೋಷವೋ, ಕಣ್ಣಿನದೋ?

ಸೈಕಲ್‌ಕಡ್ಡಿ:
ಮೊದಲು ಅಳತೆ. ಅದು ಸರಿಹೋಗದೆ ಮಿಕ್ಕಿದ್ದನ್ನು ಮಾತಾಡಿ ಪ್ರಯೋಜನವಿಲ್ಲ.

ಕೂತವರು ನಿಮ್ಮಿಂದ ಎರಡು ಮೀಟರ್ ದೂರದಲ್ಲಿದ್ದಾರೆ, ಅವರ ತಲೆ ನೆತ್ತಿಯಿಂದ ಗದ್ದದವರೆಗೆ 23 ಸೆಂ.ಮೀ. ಅಂತಿಟ್ಟುಕೊಳ್ಳಿ. ಕೈ ಪೂರ್ತಿ ಚಾಚಿದಾಗ ಪೆನ್ಸಿಲ್ ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಆ ತಲೆ ಪೆನ್ಸಿಲ್ ಮೇಲೆ 6.9 ಸೆಂ.ಮೀ. ಬರುತ್ತೆ. ಮೊಣಕೈ ಕೊಂಚ ಸಡಿಲವಾಗಿ ಪೆನ್ಸಿಲ್ 5 ಸೆಂ.ಮೀ. ಹತ್ತಿರ ಬಂತೋ, ಅದೇ ತಲೆ 6.3ಕ್ಕೆ ಇಳಿಯುತ್ತೆ. ಹಾಳೆಯ ಮೇಲೆ ತಲೆಯನ್ನು 20 ಸೆಂ.ಮೀ. ಎತ್ತರಕ್ಕೆ ಬಿಡಿಸುತ್ತಿದ್ದರೆ ಇದು ಸುಮಾರು ಒಂದೂಮುಕ್ಕಾಲು ಸೆಂ.ಮೀ. ವ್ಯತ್ಯಾಸ. ಬಾಯಿ ಗದ್ದದ ಕಡೆಗೆ ಅರ್ಧ ದಾರಿ ಜಾರಲು ಅಷ್ಟು ಸಾಕು.

ಆದ್ದರಿಂದ ಮೊಣಕೈ ಬಿಗಿ, ಬೆನ್ನು ಕುರ್ಚಿಗೆ ತಾಗಿರಲಿ, ಪ್ರತಿ ಸಲವೂ ಅದೇ ಕಣ್ಣು ಮುಚ್ಚಿ. ಪೆನ್ಸಿಲ್ ದಪ್ಪವಾಯಿತು ಅನಿಸಿದರೆ ಹಳೆಯ ಸೈಕಲ್ ಸ್ಪೋಕ್ ಬಳಸಿ, ತೆಳ್ಳಗೆ, ನೆಟ್ಟಗೆ ಇರುತ್ತೆ. ಕಡ್ಡಿಯ ತುದಿ ಕೂತವರ ಕಡೆಗೆ ಬಾಗಬಾರದು, ಬಾಗಿದರೆ ಮತ್ತೆ ಅಳತೆ ಸುಳ್ಳು. ಎಷ್ಟು ಸೆಂ.ಮೀ. ಅನ್ನುವುದು ಬೇಡವೇ ಬೇಡ. ಯಾವುದು ಯಾವುದರ ಎಷ್ಟು ಪಾಲು ಅನ್ನುವುದು ಮಾತ್ರ ನೋಡಿ. ಮುಕ್ಕಾಲು ಮುಖದಲ್ಲಿ ಮೊದಲ ಪ್ರಶ್ನೆ ಒಂದೇ: ಆಚೆ ಕೆನ್ನೆಯ ಅಂಚಿನಿಂದ ತಲೆಯ ಹಿಂತುದಿಯವರೆಗಿನ ಅಗಲ, ಎತ್ತರದ ಎಷ್ಟು ಭಾಗ? ಅದು ಹಾಳೆಯ ಮೇಲೆ ನಿಲ್ಲುವವರೆಗೆ ಕಣ್ಣು ಮೂಗಿಗೆ ಕೈಹಾಕಬೇಡಿ.

ಇನ್ನು ಬೋರ್ಡು ತೊಡೆಯ ಮೇಲೆ ಮಲಗಿದ್ದರೆ ಹಾಳೆಯ ಮೇಲಂಚು ಕಣ್ಣಿನಿಂದ ದೂರ ಇರುತ್ತೆ, ಹಾಗಾಗಿ ಕುಗ್ಗಿ ಕಾಣುತ್ತೆ. ಕಣ್ಣಿಗೆ ಸರಿ ಕಾಣಲಿ ಅಂತ ನಿಮಗೇ ತಿಳಿಯದೆ ಮೇಲ್ಭಾಗ ಎಳೆಯುತ್ತೀರಿ. ಆಮೇಲೆ ಗೋಡೆಗೆ ಒರಗಿಸಿದರೆ ಹಣೆ ಉದ್ದ. ಬೋರ್ಡನ್ನು ಇನ್ನೊಂದು ಕುರ್ಚಿಯ ಬೆನ್ನಿಗೆ ಒರಗಿಸಿ, ನಿಮ್ಮ ದೃಷ್ಟಿಗೆ ನೇರವಾಗುವಂತೆ ನಿಲ್ಲಿಸಿ.

ಅಳತೆ ಬದಲಾಗುವುದಕ್ಕೆ ಕೂತವರೂ ಕಾರಣ. ಹತ್ತು ನಿಮಿಷ ಆಗುತ್ತಲೇ ಕುತ್ತಿಗೆ ಸಡಿಲವಾಗಿ ಗದ್ದ ಇಳಿಯುತ್ತೆ. ಗದ್ದ ಇಳಿದರೆ ಕಿವಿ ಕಣ್ಣಿಗಿಂತ ಮೇಲೆ ಹೋಗುತ್ತೆ, ಮೂಗಿನ ಬುಡ ಬಾಯಿಯ ಹತ್ತಿರ ಬರುತ್ತೆ. ಶುರುವಿನಲ್ಲೇ ಕಿವಿಯ ಮೇಲ್ತುದಿ ಹುಬ್ಬಿಗೆ ಸಮವೋ ಮೇಲೋ ಅಂತ ಗುರುತು ಹಾಕಿಕೊಳ್ಳಿ, ಅವರು ನೋಡಬೇಕಾದ ಕಡೆ ಗೋಡೆಗೆ ಒಂದು ತುಂಡು ಟೇಪ್ ಅಂಟಿಸಿ. 20 ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡಿ. ಏಳುವ ಮುಂಚೆ ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತಿರಲಿ.

ಬೂದುಕಾರ್ಡು:
ಮೇಲಿನದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆಚೆ ಕಣ್ಣು ಅಗಲವಾಗುವುದು ಅಳತೆಯ ತಪ್ಪಲ್ಲ, ತಿಳಿವಳಿಕೆಯ ತಪ್ಪು. ಎರಡು ಕಣ್ಣೂ ಒಂದೇ ಅಳತೆ ಅಂತ ಮಿದುಳಿಗೆ ಗೊತ್ತು. ಕಂಡದ್ದನ್ನು ಅದು ಗೊತ್ತಿರುವ ಆಕಾರಕ್ಕೆ ತಿದ್ದಿಯೇ ಕೈಗೆ ಕೊಡುತ್ತದೆ. ನಿಜದಲ್ಲಿ ಆಚೆ ಕಣ್ಣಿನ ಎತ್ತರ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಗಲ ಮಾತ್ರ ಕುಗ್ಗುತ್ತದೆ. ಕಪ್ಪುಗುಡ್ಡೆಯೂ ದುಂಡಗಿರದೆ ನಿಂತ ಮೊಟ್ಟೆಯಾಕಾರಕ್ಕೆ ಬರುತ್ತದೆ. ಮುಖ ಇನ್ನಷ್ಟು ತಿರುಗಿದರೆ ಒಳಮೂಲೆ ಮೂಗಿನ ದಿಂಡಿನ ಹಿಂದೆ ಮರೆಯಾಗುತ್ತದೆ.

ಹಾಗಾಗಿ ಆಚೆ ಕಣ್ಣನ್ನು ಕಣ್ಣೆಂದು ಬಿಡಿಸಬೇಡಿ. ಮುಖದ ಆಚೆಗಿರುವ ಗೋಡೆಯ ಆಕಾರವನ್ನು ಬಿಡಿಸಿ. ಹಣೆಯಿಂದ ಇಳಿಯುವ ಅಂಚು ಹುಬ್ಬಿನ ಮೂಳೆಯ ಹತ್ತಿರ ಹೊರಗೆ ಬರುತ್ತದೆ, ಕಣ್ಣಿನ ಗುಳಿಯಲ್ಲಿ ಒಳಸರಿಯುತ್ತದೆ, ಕೆನ್ನೆಮೂಳೆಯಲ್ಲಿ ಮತ್ತೆ ಹೊರಗೆ, ಅಲ್ಲಿಂದ ಬಾಯಿಯ ಪಕ್ಕಕ್ಕೆ ಇಳಿದು ಗದ್ದ. ಈ ಒಂದು ಗೆರೆಯಲ್ಲಿ ಹೋಲಿಕೆಯ ಅರ್ಧ ಪಾಲು ಇದೆ. ಅದು ಕೂತ ಮೇಲೆ ಉಳಿದ ಸಂದಿಯಲ್ಲಿ ಕಣ್ಣು ಎಷ್ಟು ಹಿಡಿಸುತ್ತದೋ ಅಷ್ಟೇ ಅದರ ಅಗಲ.

ತಲೆಯ ಹಿಂಭಾಗದ್ದೂ ಇದೇ ಕಥೆ. ರಷ್ಯದ ವಿಜ್ಞಾನಿ ಯಾರ್ಬುಸ್ 1960ರ ದಶಕದಲ್ಲಿ ನೋಡುವವರ ಕಣ್ಣಿನ ಚಲನೆ ದಾಖಲಿಸಿದಾಗ, ಮುಖದ ಚಿತ್ರದ ಮೇಲೆ ನೋಟ ಮತ್ತೆ ಮತ್ತೆ ಕಣ್ಣು ಬಾಯಿಗಳಿಗೇ ಹೋಗುತ್ತಿತ್ತು. ನೋಟ ಹೋಗದ ಕಡೆ ಜಾಗ ಕಡಿಮೆ ಸಿಗುತ್ತದೆ: ನೆತ್ತಿ, ಹಿಂದಲೆ, ಕುತ್ತಿಗೆ. ಕಣ್ಣಿನ ಮಟ್ಟ ತಲೆಯ ಎತ್ತರದ ನಡುವೆಯೇ ಇದೆ, ಆದರೂ ಹೊಸಬರು ಅದನ್ನು ಮೇಲಕ್ಕೆ ಒಯ್ಯುವುದು ಇದೇ ಕಾರಣಕ್ಕೆ. ಪೂರ್ತಿ ಪಕ್ಕಮುಖದಲ್ಲಿ ಕಣ್ಣಿನ ಹೊರಮೂಲೆಯಿಂದ ಕಿವಿಯ ಹಿಂದಂಚಿಗೆ ಇರುವ ದೂರ, ಕಣ್ಣಿನ ಮಟ್ಟದಿಂದ ಗದ್ದಕ್ಕೆ ಇರುವಷ್ಟೇ. ಕಿವಿಯ ಹಿಂದೆ ಇನ್ನೂ ಬೇಕಾದಷ್ಟು ತಲೆ ಇದೆ! ಮುಕ್ಕಾಲು ಮುಖದಲ್ಲಿ ಮುಂಭಾಗದ ದೂರ ಕುಗ್ಗುತ್ತದೆ ನಿಜ, ಆದರೂ ನೀವು ಅಂದುಕೊಂಡದ್ದಕ್ಕಿಂತ ಕಿವಿ ಹಿಂದೆಯೇ ಇರುತ್ತದೆ.

ಕಣ್ಣಿನ ಬಿಳಿಗೆ: ಬೂದು ಬಣ್ಣದ ರಟ್ಟಿನಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ಬಿಳಿಯ ಭಾಗ ಮಾತ್ರ ನೋಡಿ. ತಕ್ಷಣ ಹಣೆಯ ಬೆಳಕಿನ ಕಡೆಗೆ ಸರಿಸಿ. ಸುತ್ತಲಿನದು ಮರೆಯಾದಾಗ ಆ ಬಿಳಿ ಬೂದಿಗೆ ಇಳಿಯುತ್ತದೆ, ಏಕೆಂದರೆ ಅದು ಗುಂಡಗಿದೆ, ಮೇಲ್ರೆಪ್ಪೆಯ ನೆರಳಲ್ಲಿದೆ. ದೃಷ್ಟಿ ವಿಜ್ಞಾನಿ ಎಡ್ವರ್ಡ್ ಏಡಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ ನೋಡಿದವರಿಗೆ ಇದು ಹೊಸದಲ್ಲ: ನೆರಳಲ್ಲಿರುವ ಬಿಳಿ ಚೌಕ, ಬೆಳಕಲ್ಲಿರುವ ಕಪ್ಪು ಚೌಕ, ಎರಡೂ ಅದೇ ಬೂದು.

ಒಂದು ಎಚ್ಚರಿಕೆ. ಕಣ್ಣಿನ ಬಿಳಿ ಚರ್ಮಕ್ಕಿಂತ ಗಾಢ ಎಂಬ ಪಾಠ ಬಿಳಿ ಮೈಬಣ್ಣದವರನ್ನು ನೋಡಿ ಬರೆದದ್ದು. ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಅದು ಸುತ್ತಲಿನ ರೆಪ್ಪೆಗಿಂತ ತಿಳಿಯಾಗಿಯೇ ಇರುತ್ತದೆ. ಹಾಳೆಯ ಬಿಳಿಯಷ್ಟು ಮಾತ್ರ ಅಲ್ಲ. ಎಚ್‌ಬಿಯಲ್ಲಿ ತೆಳುವಾಗಿ ಒಂದು ಪದರ ಎಳೆದು, ಗುಡ್ಡೆಯ ಮೇಲಿನ ಹೊಳಪಿನ ಚುಕ್ಕೆಗೆ ಮಾತ್ರ ಹಾಳೆಯ ಬಿಳಿ ಬಿಡಿ.

ಬೆನ್ನಹಿಂದಿನಕನ್ನಡಿ:
ತಲೆಕೆಳಗಿನ ವಿಷಯ. ಮುಖವನ್ನು ತಲೆಕೆಳಗಾಗಿ ಗುರುತಿಸುವುದು ಬೇರೆ ವಸ್ತುಗಳಿಗಿಂತ ಬಹಳ ಕಷ್ಟ ಅಂತ ಸಂಶೋಧಕ ರಾಬರ್ಟ್ ಯಿನ್ 1969ರಲ್ಲೇ ತೋರಿಸಿದರು. ಆ ಕಷ್ಟವೇ ಈ ಅಭ್ಯಾಸದ ಬಂಡವಾಳ: ಮೂಗು ಮೂಗಾಗಿ ಕಾಣದೆ ಗೆರೆಗಳಾಗಿ ಕಾಣುತ್ತೆ, ಕೈ ಗೆರೆಯನ್ನೇ ಅನುಸರಿಸುತ್ತೆ. ಫೋಟೊ ಅಥವಾ ಹಳೆಯ ಡ್ರಾಯಿಂಗ್ ನಕಲು ಮಾಡಲು ಒಳ್ಳೆಯದು.

ಆದರೆ ಹೋಲಿಕೆ ಬಂತೇ ಅಂತ ಪರೀಕ್ಷಿಸಲು ತಲೆಕೆಳಗು ಮಾಡಬೇಡಿ. 1980ರಲ್ಲಿ ಮನೋವಿಜ್ಞಾನಿ ಪೀಟರ್ ಥಾಂಪ್ಸನ್ ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು, ಬಾಯಿಗಳನ್ನಷ್ಟೇ ತಿರುಗಿಸಿ ಅಂಟಿಸಿದರು. ಇಡೀ ಚಿತ್ರ ತಲೆಕೆಳಗಿದ್ದಾಗ ಏನೂ ಎಡವಟ್ಟು ಕಾಣದು. ನೆಟ್ಟಗೆ ಹಿಡಿದರೆ ಬೆಚ್ಚಿಬೀಳುವ ಹಾಗಿದೆ. ಅಂದರೆ ಅಂಗಗಳ ನಡುವಿನ ಸಂಬಂಧ ಕೆಟ್ಟಿದ್ದರೆ ತಲೆಕೆಳಗಾದ ಚಿತ್ರ ಅದನ್ನು ಮುಚ್ಚಿಹಾಕುತ್ತೆ. ಪರೀಕ್ಷೆಗೆ ಕನ್ನಡಿಯೇ ಸರಿ. ಕೂತವರಿಗೂ ಬೋರ್ಡಿಗೂ ಬೆನ್ನು ಹಾಕಿ ನಿಂತು, ಅಂಗೈಯಗಲದ ಕನ್ನಡಿಯನ್ನು ಕಣ್ಣಿನ ಪಕ್ಕ ಹಿಡಿದು ಅವರನ್ನೂ ಚಿತ್ರವನ್ನೂ ಒಟ್ಟಿಗೆ ನೋಡಿ. ಎಡಬಲ ಅದಲುಬದಲಾದ್ದರಿಂದ ಕಣ್ಣು ರೂಢಿಮಾಡಿಕೊಂಡ ತಪ್ಪು ಹೊರಬೀಳುತ್ತೆ. ಲಿಯೊನಾರ್ಡೊ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಹೇಳಿರುವ ಉಪಾಯ ಇದು.

ಕೈಯೋ ಕಣ್ಣೋ ಅಂತ ಕೇಳಿದ್ದೀರಿ. ಬ್ರಿಟನ್ನಿನ ಭಾವಚಿತ್ರಕಾರ ಹಂಫ್ರಿ ಓಷನ್ ಚಿತ್ರ ಬಿಡಿಸುತ್ತಿರುವಾಗ ಅವರ ಕಣ್ಣಿನ ಚಲನೆಯನ್ನು ಸಂಶೋಧಕ ಜಾನ್ ಚಾಲೆಂಕೊ ದಾಖಲಿಸಿದ್ದಾರೆ. ಸುಮ್ಮನೆ ನೋಡುವಾಗ ನೋಟ ಅಲ್ಲಿಲ್ಲಿ ಹಾರುತ್ತಿತ್ತು. ಬಿಡಿಸಲು ಶುರು ಮಾಡಿದ ಮೇಲೆ ಮುಖದ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನೆಟ್ಟು, ಅಲ್ಲಿಂದ ನೇರ ಹಾಳೆಗೆ ಬರುತ್ತಿತ್ತು. ಒಂದು ನೋಟಕ್ಕೆ ಒಂದೇ ವಿವರ. ಇದನ್ನು ಯಾರು ಬೇಕಾದರೂ ಅಭ್ಯಾಸ ಮಾಡಬಹುದು: ನೋಡಿ, ಆ ಒಂದು ಅಂಚಿನ ಓರೆ ಎಷ್ಟು ಅಂತ ಮನಸ್ಸಲ್ಲೇ ಹೇಳಿಕೊಂಡು, ಅಷ್ಟನ್ನೇ ಬರೆದು, ಮತ್ತೆ ತಲೆಯೆತ್ತಿ. ಹಾಳೆ ನೋಡುತ್ತಾ ಐದಾರು ಗೆರೆ ಒಟ್ಟಿಗೆ ಎಳೆದರೆ ಅವು ನೆನಪಿನ ಗೆರೆಗಳು.

ಗೆರೆಪುಸ್ತಕ:
ಬಹಳ ಉಪಯೋಗವಾಯ್ತು, ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಯಾರೂ ಕೂರಲು ಸಿಗದಿದ್ದಾಗ ಮೊಬೈಲಿನಲ್ಲಿ ಫೋಟೊ ತೆಗೆದು, ಅದರ ಮೇಲೂ ಹಾಳೆಯ ಮೇಲೂ ಚೌಕಗಳ ಗ್ರಿಡ್ ಹಾಕಿ ನಕಲು ಮಾಡಿದರೆ ನಡೆಯುತ್ತಾ?

ಸೈಕಲ್‌ಕಡ್ಡಿ:
ಗ್ರಿಡ್ ಕೀಳೇನಲ್ಲ. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್‌ಗೆ ಮುಖಗಳ ಗುರುತೇ ಹತ್ತುತ್ತಿರಲಿಲ್ಲ. ಆಳೆತ್ತರ ಮೀರಿದ ಭಾವಚಿತ್ರಗಳನ್ನು ಫೋಟೊ ಮೇಲೆ ಗ್ರಿಡ್ ಎಳೆದೇ ಮಾಡಿದರು. ನಿಮ್ಮ ಹಾಳೆಗೆ 2 ಸೆಂ.ಮೀ. ಚೌಕ ಸಾಕು. ಎಚ್ ಪೆನ್ಸಿಲಿನಲ್ಲಿ ಒತ್ತದೆ ಎಳೆಯಿರಿ, ಒತ್ತಿದರೆ ಹಾಳೆಯಲ್ಲಿ ಗೀರು ಉಳಿದು ಶೇಡಿಂಗ್‌ನಲ್ಲಿ ಬಿಳಿ ಗೆರೆಯಾಗಿ ಮೇಲೇಳುತ್ತೆ.

ಎಡವುವುದು ಫೋಟೊದಲ್ಲಿ. ಮೂಗಿನ ತುದಿಗೂ ಕಿವಿಗೂ 12 ಸೆಂ.ಮೀ. ಅಂತರ ಇದ್ದು, ಮೊಬೈಲನ್ನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದರೆ, ಕಿವಿಗೆ ಹೋಲಿಸಿ ಮೂಗು 1.4 ಪಟ್ಟು ಹಿಗ್ಗುತ್ತೆ. 150 ಸೆಂ.ಮೀ. ದೂರದಿಂದ ತೆಗೆದರೆ ಅದು 1.08 ಪಟ್ಟು ಮಾತ್ರ. ಹತ್ತಿರದ ಫೋಟೊಗೆ ಎಷ್ಟು ನಿಷ್ಠೆಯಿಂದ ಗ್ರಿಡ್ ಹಾಕಿದರೂ ಅಷ್ಟೇ ನಿಷ್ಠೆಯಿಂದ ಬೇರೆ ಯಾರೋ ಬರುತ್ತಾರೆ. ಎರಡು ಮೀಟರ್ ಹಿಂದೆ ಹೋಗಿ, ಮೊಬೈಲನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಿರಿ, ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಿ. ಫ್ಲ್ಯಾಶ್ ಬೇಡ, ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬರಲಿ.