ಎಫ್‌ಎಂ ಟ್ರಾನ್ಸ್‌ಮಿಟರ್: ತಂತಿ ಉದ್ದ ಮಾಡಿದರೂ ರೇಂಜ್ ಯಾಕೆ ಸಿಗಲ್ಲ?

ಪ್ರಶ್ನೆ: ಮಗಳ ಪಿಯುಸಿ ಪ್ರಾಜೆಕ್ಟ್‌ಗೆ ಒಂದೇ ಬಿಸಿ 547 ಟ್ರಾನ್ಸಿಸ್ಟರ್ ಹಾಕಿ ಎಫ್‌ಎಂ ಟ್ರಾನ್ಸ್‌ಮಿಟರ್ ಮಾಡಿದ್ದೇವೆ. 9 ವೋಲ್ಟ್ ಬ್ಯಾಟರಿ. ಹಾಲ್‌ನಿಂದ ಅಡುಗೆಮನೆ ತನಕ ಕೇಳಿಸುತ್ತದೆ, ಅಷ್ಟೇ. ಎರಡು ಮೀಟರ್ ತಂತಿ ಕಟ್ಟಿದರೆ ಸ್ಟೇಷನ್ನೇ ಸಿಗುವುದಿಲ್ಲ. ಆಂಟೆನಾ 50 ಓಮ್ ಇರಬೇಕಾ, 75 ಓಮ್ ಇರಬೇಕಾ?

ಉತ್ತರ: ಸರ್, ನನಗೂ ಹೀಗೇ ಆಗಿತ್ತು. ಎರಡು ವಾರ ತಂತಿ ಬದಲಿಸುತ್ತಾ ಕೂತಿದ್ದೆ. ತೊಂದರೆ ಇದ್ದದ್ದು ತಂತಿ ಸೇರಿಸಿದ ಜಾಗದಲ್ಲಿ. ನೀವೂ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿಗೇ ನೇರವಾಗಿ ಬೆಸುಗೆ ಹಾಕಿದ್ದೀರಿ ಅಲ್ವಾ? ಅಲ್ಲಿ ಕಾಯಿಲ್ ಜೊತೆ ಫ್ರೀಕ್ವೆನ್ಸಿ ಹೊಂದಿಸಲು ಇರುವ ಟ್ರಿಮ್ಮರ್ (ತಿರುಗಿಸಿ ಬದಲಿಸುವ ಕೆಪಾಸಿಟರ್) ಕೆಲವೇ ಪಿಕೊಫ್ಯಾರಡ್‌ನದು. ಉದ್ದ ತಂತಿ ತನ್ನದೂ ಒಂದಿಷ್ಟು ಕೆಪಾಸಿಟೆನ್ಸ್ ಸೇರಿಸುತ್ತದೆ. ಫ್ರೀಕ್ವೆನ್ಸಿ ಕೆಳಗೆ ಜಾರಿ 88 ಮೆಗಾಹರ್ಟ್ಸ್ ದಾಟಿ ಹೋದರೆ ರೇಡಿಯೋಗೆ ಸಿಗುವುದೇ ಇಲ್ಲ. ಕೈ ಹತ್ತಿರ ತಂದಾಗ ಸ್ಟೇಷನ್ ಅಲುಗಾಡುವುದೂ ಇದೇ ಕಾರಣಕ್ಕೆ.

ನಾನು ಮಾಡಿದ್ದು ಇಷ್ಟು. ಕಾಯಿಲ್‌ನ ಪ್ಲಸ್ ತುದಿಯಿಂದ ಒಂದೇ ಸುತ್ತು ಬಿಟ್ಟು, ಅಲ್ಲಿ 10 ಪಿಕೊಫ್ಯಾರಡ್ ಕೆಪಾಸಿಟರ್ ಹಾಕಿ ಆಂಟೆನಾ ಎಳೆದೆ. ಕಲೆಕ್ಟರ್ ತುದಿಯಲ್ಲಿ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ಅಡೆತಡೆ) ಜಾಸ್ತಿ, ಪ್ಲಸ್ ಕಡೆ ಬಂದಂತೆ ಕಮ್ಮಿ. ಅಲೆಯ ಉದ್ದದ ಕಾಲು ಭಾಗದ ತಂತಿಗೆ ಕಮ್ಮಿಯ ಜಾಗವೇ ಹೊಂದುತ್ತದೆ. ಉದ್ದಕ್ಕೆ 7125ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಸೆಂಟಿಮೀಟರ್ ಸಿಗುತ್ತದೆ. 98ಕ್ಕೆ ಸುಮಾರು 73. ಅಷ್ಟೇ ಉದ್ದದ ಇನ್ನೊಂದು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ ಕೆಳಗೆ ಇಳಿಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಆಂಟೆನಾಗೆ ಎರಡನೇ ಅರ್ಧ ಬೇಕೇ ಬೇಕು. ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಈ ತಂತಿಯಿಂದಲೇ.

50, 75ರ ಚಿಂತೆ ಬಿಡಿ. 50 ಓಮ್‌ನ ಜಾಗಕ್ಕೆ 75 ಓಮ್ ಹಾಕಿದರೆ ವಾಪಸ್ಸಾಗುವ ಶಕ್ತಿ ನೂರರಲ್ಲಿ 4 ಪಾಲು ಮಾತ್ರ. ಕಿವಿಗೆ ಗೊತ್ತೇ ಆಗುವುದಿಲ್ಲ. ಡೈಪೋಲ್ (ಎರಡು ಸಮ ತಂತಿಗಳನ್ನು ಎದುರು ದಿಕ್ಕಿಗೆ ಎಳೆದ ಆಂಟೆನಾ) ಮಾಡುವುದಾದರೆ ಅದು ಸುಮಾರು 73 ಓಮ್. ಮನೆಯಲ್ಲಿ ಉಳಿದ ಕೇಬಲ್ ಟಿವಿ ವೈರ್ 75 ಓಮ್‌ನದು, ಚೆನ್ನಾಗಿ ಕೂರುತ್ತದೆ. ಬ್ಯಾಟರಿ ಜಾಸ್ತಿ ಮಾಡಲು ಹೋಗಬೇಡಿ. ಬಯಲಲ್ಲೇ ದೂರ ಎರಡು ಪಟ್ಟಾಗಲು ಶಕ್ತಿ ನಾಲ್ಕು ಪಟ್ಟು ಬೇಕು. ಸುಮ್ನೆ ಕಪಾಟಿನ ಮೇಲಿಟ್ಟು ನೋಡಿ.

ಇನ್ನೊಬ್ಬರ ಉತ್ತರ: ಮೇಲಿನದೆಲ್ಲ ಸರಿ. ನಾನು ಆಂಟೆನಾದ ಪ್ರಭಾವ ಕಾಯಿಲ್‌ಗೆ ತಾಗದಂತೆ ಮಧ್ಯೆ ಇನ್ನೊಂದು ಟ್ರಾನ್ಸಿಸ್ಟರ್ ಬಫರ್ ಆಗಿ ಹಾಕಿದೆ, ಅಲುಗಾಟ ಬಹುಪಾಲು ನಿಂತಿತು. ಆದರೆ ದಯವಿಟ್ಟು ಇದು ಮನೆಯೊಳಗೇ ಇರಲಿ. ಎಫ್‌ಎಂನಲ್ಲಿ ಊರಿಗೆ ಕೇಳಿಸಲು ಲೈಸೆನ್ಸ್ ಬೇಕು. 108 ಮೆಗಾಹರ್ಟ್ಸ್ ಮೇಲೆ ವಿಮಾನಗಳ ಬ್ಯಾಂಡ್ ಇದೆ, ಫ್ರೀಕ್ವೆನ್ಸಿ ಅತ್ತ ಜಾರಿದರೆ ಆಟ ಅಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ರೇಡಿಯೋದವರು ಎಫ್‌ಎಂಗೆ ಅನುಮತಿ ಇಲ್ಲದ ಕಾಲದಲ್ಲಿ ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಮಗಳಿಗೆ ದೂರ ಮಾತಾಡುವ ಆಸೆ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಸಿ. ಅಲ್ಲಿ 145 ಮೆಗಾಹರ್ಟ್ಸ್‌ಗೆ ಇದೇ ಲೆಕ್ಕದಲ್ಲಿ ತಂತಿ 49 ಸೆಂಟಿಮೀಟರ್ ಸಾಕು.