ಹತ್ತು ರೂಪಾಯಿ ಕಾಯಿನ್ ಆಗಲಿ, ಆದರೆ ವಾಪಸ್ ಬರೋ ದಾರಿ ಇರಲಿ

ಎಲ್ಲರಿಗೂ ನಮಸ್ಕಾರ. ಇದು ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಒಲೆ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬಂದು ಕೂತುಕೊಳ್ಳಿ.

ಬೆಳಿಗ್ಗೆಯಿಂದ ಗ್ರೂಪಿನಲ್ಲಿ ನಡೆದಿದ್ದನ್ನೆಲ್ಲ ಈಗ ನೋಡಿದೆ. ತುಮಕೂರು ಮಾವ ಟೇಪ್ ಹಚ್ಚಿದ ಹತ್ತು ರೂಪಾಯಿ ನೋಟಿನ ಫೋಟೋ ಹಾಕಿ, ಹತ್ತು, ಇಪ್ಪತ್ತು ಎರಡೂ ನೋಟು ನಿಲ್ಲಿಸಿ ಬರೀ ಕಾಯಿನ್ ಮಾಡಬೇಕು ಅಂದಿದ್ದಾರೆ. ಪರ್ಸ್ ಹೊತ್ತು ಭುಜ ಬಿದ್ದು ಹೋಗುತ್ತದೆ ಅಂತ ಅತ್ತಿಗೆ. ನಮ್ಮಲ್ಲಿ ಒಂದು ಡಾಲರ್, ಎರಡು ಡಾಲರ್ ಎರಡೂ ಕಾಯಿನ್ನೇ, ಯಾರಿಗೂ ಏನೂ ಆಗಿಲ್ಲ ಅಂತ ಟೊರೊಂಟೊ ಭಾವ. ಯುಪಿಐ ಕಾಲದಲ್ಲಿ ಇದೆಂಥ ಚರ್ಚೆ ಅಂತ ಹುಡುಗರು ನಗುವ ಇಮೋಜಿ ಹಾಕಿದ್ದಾರೆ. ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ ಕೂತು ರಿಟೈರ್ ಆದವಳು ನಾನು. ಇದರಲ್ಲಿ ಬಾಯಿ ಹಾಕದಿದ್ದರೆ ಇನ್ಯಾವುದರಲ್ಲಿ ಹಾಕಲಿ?

ನನ್ನ ಅಭಿಪ್ರಾಯ ಇಷ್ಟು. ಹತ್ತು ರೂಪಾಯಿ ಪೂರ್ತಿ ಕಾಯಿನ್ ಆಗಲಿ. ಇಪ್ಪತ್ತು ಸದ್ಯಕ್ಕೆ ನೋಟಾಗಿಯೇ ಇರಲಿ. ಆದರೆ ಅಂಗಡಿಗೆ, ಮನೆಗೆ ಹೋದ ಕಾಯಿನ್ ಬ್ಯಾಂಕಿಗೆ ವಾಪಸ್ ಬರುವ ದಾರಿ ಸರಿ ಮಾಡದೆ ನೋಟು ನಿಲ್ಲಿಸಬಾರದು.

ಮಾವ, ನಿಮ್ಮ ಫೋಟೋದ ನೋಟು ದಂಡ ಆಗಿಲ್ಲ. ಇಪ್ಪತ್ತು ರೂಪಾಯಿವರೆಗಿನ ಹರಿದ ನೋಟಿನಲ್ಲಿ ಒಂದೇ ತುಂಡಾಗಿ ಅರ್ಧಕ್ಕಿಂತ ಜಾಸ್ತಿ ಭಾಗ ಉಳಿದಿದ್ದರೆ ಪೂರ್ತಿ ಹಣ ಕೊಡಬೇಕು ಅಂತ ನಿಯಮ ಇದೆ. ಯಾವ ಬ್ಯಾಂಕಿನ ಬ್ರಾಂಚಿಗೂ ಹೋಗಬಹುದು, ಅಲ್ಲಿ ನಿಮ್ಮ ಖಾತೆ ಇರಬೇಕಂತಿಲ್ಲ.

ಈಗ ಖರ್ಚಿನ ವಿಷಯ. ಕಾಯಿನ್ ಅಂದರೆ ಸರ್ಕಾರಕ್ಕೆ ಉಳಿತಾಯ ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. 2018ರಲ್ಲಿ ಒಂದು ಆರ್‌ಟಿಐ ಉತ್ತರ ಪೇಪರ್‌ಗಳಲ್ಲೆಲ್ಲ ಬಂದಿತ್ತು. ಹತ್ತರ ಒಂದು ಕಾಯಿನ್ ಮಾಡಲು 5 ರೂಪಾಯಿ 54 ಪೈಸೆ. ಒಂದು ರೂಪಾಯಿ ಕಾಯಿನ್‌ಗೆ 1 ರೂಪಾಯಿ 11 ಪೈಸೆ, ಅಂದರೆ ಅದರ ಬೆಲೆಗಿಂತ ಖರ್ಚೇ ಜಾಸ್ತಿ! ಹತ್ತರ ನೋಟು ಅಚ್ಚು ಹಾಕಲು 2021-22ರಲ್ಲಿ ಸಾವಿರಕ್ಕೆ 960 ರೂಪಾಯಿ, ಒಂದಕ್ಕೆ ಒಂದು ರೂಪಾಯಿಯೂ ಇಲ್ಲ. ಒಂದು ಕಾಯಿನ್‌ನ ಖರ್ಚಿನಲ್ಲಿ ಹತ್ತಿರ ಹತ್ತಿರ ಆರು ನೋಟು ಬರುತ್ತವೆ. ಹಾಗಾದರೆ ಒಂದು ಕಾಯಿನ್ ಆರು ನೋಟಿಗಿಂತ ಜಾಸ್ತಿ ಬಾಳಬೇಕು, ಆಗಲೇ ಲಾಭ. ಬಾಳುತ್ತದೆ, ಅನುಮಾನ ಇಲ್ಲ. 1992ರ ಒಂದು ರೂಪಾಯಿ ಇವತ್ತೂ ನನ್ನ ಡಬ್ಬಿಯಲ್ಲಿ ಇದೆ. ಆದರೆ ಡಬ್ಬಿಯಲ್ಲಿ ಬಾಳಿದರೆ ಏನು ಬಂತು? ಅದು ಓಡಾಡಬೇಕಲ್ವಾ? ಮನೆ ಮನೆಯಲ್ಲಿ ಕಾಯಿನ್ ಮಲಗಿದಷ್ಟೂ ಟಂಕಸಾಲೆ ಹೊಸದು ಹೊಡೆಯುತ್ತಲೇ ಇರಬೇಕು. ಉಳಿತಾಯ ಅಂದಿದ್ದೆಲ್ಲ ಅಲ್ಲಿಗೆ ಹೋಯಿತು.

ಭಾವ, ನಿಮ್ಮ ಕೆನಡಾ ಉದಾಹರಣೆ ಒಳ್ಳೆಯದೇ. ಆದರೆ ನೀವು ಅರ್ಧ ಹೇಳಿದಿರಿ. 1987ರಲ್ಲಿ ಅಲ್ಲಿ ಒಂದು ಡಾಲರ್ ಕಾಯಿನ್ ಬಂತು, 1989ರಲ್ಲಿ ಒಂದು ಡಾಲರ್ ನೋಟು ಕೊಡುವುದನ್ನೇ ನಿಲ್ಲಿಸಿದರು. ಇಂಗ್ಲೆಂಡಿನಲ್ಲೂ ಹಾಗೇ, 1983ರಲ್ಲಿ ಪೌಂಡ್ ಕಾಯಿನ್, 1988ರಲ್ಲಿ ನೋಟು ವಾಪಸ್. ನಿಮ್ಮ ಪಕ್ಕದ ಅಮೆರಿಕ ನೋಡಿ. 1979ರಲ್ಲಿ ಡಾಲರ್ ಕಾಯಿನ್ ಮಾಡಿದರು, ನೋಟು ಮಾತ್ರ ನಿಲ್ಲಿಸಲಿಲ್ಲ. ಮೇಲಿಂದ ಆ ಕಾಯಿನ್ ನೋಡಲು ಕಾಲು ಡಾಲರ್ ಥರ ಇತ್ತು. ಜನ ಮುಟ್ಟಲಿಲ್ಲ. ಎರಡೂ ಕೈಗೆ ಸಿಗುವಾಗ ಜನ ಹಗುರ ಇರುವುದನ್ನೇ ಇಟ್ಟುಕೊಳ್ಳುತ್ತಾರೆ.

ನಮ್ಮಲ್ಲೂ ಒಂದು ಸಲ ಇದನ್ನು ಮಾಡಿ ಆಗಿದೆ, ನೆನಪಿದೆಯಾ? 1994ರಲ್ಲಿ ಒಂದು ರೂಪಾಯಿ ನೋಟು ಅಚ್ಚು ಹಾಕುವುದನ್ನು ನಿಲ್ಲಿಸಿದರು. 1995ರಲ್ಲಿ ಎರಡು ಮತ್ತು ಐದು. ಐದರ ನೋಟು ಆಮೇಲೆ ಮತ್ತೆ ಬಂದು ಹೋಯಿತು, ಒಂದರದ್ದು 2015ರಲ್ಲಿ ಮತ್ತೆ ಶುರುವಾಯಿತು. ಅದು ಈಗ ಮುಯ್ಯಿ ಕವರಿಗೆ, ನೋಟು ಕೂಡಿಡುವವರ ಆಲ್ಬಮ್ಮಿಗೆ, ಅಷ್ಟೇ. ಅಂದಹಾಗೆ ಆ ಒಂದು ರೂಪಾಯಿ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಮಕ್ಕಳಿಗೆ ಕ್ವಿಜ್‌ಗೆ ಆಗುತ್ತದೆ. ವಿಷಯಕ್ಕೆ ಬರುತ್ತೇನೆ. ಐದು ರೂಪಾಯಿ ಕಾಯಿನ್ ಇಲ್ಲಿ ನಡೆಯಲ್ಲ ಅಂತ ಯಾರಾದರೂ ನಿಮಗೆ ಹೇಳಿದ್ದಾರಾ? ಹೇಳಿರಲಿಕ್ಕಿಲ್ಲ. ಅದನ್ನು ಬೇಡ ಅಂದರೆ ತಗೊಳ್ಳಲು ಬೇರೆ ಏನೂ ಇಲ್ಲ.

ಹತ್ತರದ್ದು ಹಾಗಲ್ಲ. ಅದು ಚಲಾವಣೆಗೆ ಬಂದಿದ್ದು 2009ರಲ್ಲಿ. ನೋಟೂ ಜೊತೆಗೇ ಓಡಾಡುತ್ತಿತ್ತು. ಆಮೇಲೆ ಸುದ್ದಿ ಹಬ್ಬಿತು. ಕಾಯಿನ್ ಮೇಲೆ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ. ರೂಪಾಯಿ ಚಿಹ್ನೆ ಇಲ್ಲದಿದ್ದರೆ ನಕಲಿ. ಎಲ್ಲ ಸುಳ್ಳು! ಚಿಹ್ನೆ ಬಂದಿದ್ದೇ 2010ರಲ್ಲಿ, ಅದಕ್ಕೂ ಮುಂಚಿನ ಕಾಯಿನ್ ಮೇಲೆ ಅದು ಎಲ್ಲಿಂದ ಬರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟು, ಹತ್ತರ ಕಾಯಿನ್ 14 ಡಿಸೈನ್‌ಗಳಲ್ಲಿ ಇದೆ, ಎಲ್ಲವೂ ನಡೆಯುತ್ತದೆ ಅಂತ ಹೇಳಿತು. ಆದರೂ ಎಷ್ಟೋ ಊರಲ್ಲಿ ಅಂಗಡಿಯವರು ಮುಖ ತಿರುಗಿಸಿದರು. ನಾನು ಅಂಗಡಿಯವರನ್ನು ಬೈಯುವುದಿಲ್ಲ. ಅವರ ಭಯ ಕಾಯಿನ್ ನಕಲಿ ಅಂತಲ್ಲ. ಇದನ್ನು ತಗೊಂಡರೆ ನನ್ನಿಂದ ಮುಂದೆ ಯಾರು ತಗೊಳ್ಳುತ್ತಾರೆ ಅಂತ. ಹೋಲ್‌ಸೇಲ್‌ನವನು ಬೇಡ ಅನ್ನುತ್ತಾನೆ, ಬ್ಯಾಂಕಿನವರು ನಾಳೆ ಬನ್ನಿ ಅನ್ನುತ್ತಾರೆ. ಆಮೇಲೆ ಅವನು ಏನು ಮಾಡಬೇಕು?

ಎಲ್ಲದರ ಬೇರು ಇಲ್ಲಿದೆ, ಸ್ವಲ್ಪ ಗಮನ ಕೊಡಿ. ಕೊಳೆಯಾದ ನೋಟು ಕೌಂಟರ್‌ಗೆ ಬಂದರೆ ನಾವು ಬೇರೆ ತೆಗೆದು ಕಟ್ಟಿಡುತ್ತೇವೆ. ಅದು ಕರೆನ್ಸಿ ಚೆಸ್ಟ್‌ಗೆ, ಅಂದರೆ ರಿಸರ್ವ್ ಬ್ಯಾಂಕಿನ ಪರವಾಗಿ ಬ್ಯಾಂಕುಗಳು ನೋಟು ಇಡುವ ಖಜಾನೆಗೆ, ಅಲ್ಲಿಂದ ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಮೆಷಿನ್‌ನಲ್ಲಿ ಪರೀಕ್ಷೆ ಮಾಡಿ, ಚೂರು ಚೂರು ಮಾಡಿ, ಒತ್ತಿ ಇಟ್ಟಿಗೆ ಥರ ಮಾಡುತ್ತಾರೆ. ಬದಲಿಗೆ ಹೊಸ ನೋಟು ಬರುತ್ತದೆ. ನೋಟಿಗೆ ಹೋಗುವ ದಾರಿಯೂ ಇದೆ, ಬರುವ ದಾರಿಯೂ ಇದೆ. ಕಾಯಿನ್‌ಗೆ ಹೋಗುವ ದಾರಿ ಮಾತ್ರ ಚೆನ್ನಾಗಿದೆ. ಕೌಂಟರ್‌ನಲ್ಲಿ ಜನಕ್ಕೆ ಕಾಯಿನ್ ಹಂಚಿದರೆ ಬ್ಯಾಂಕಿಗೆ ಒಂದು ಚೀಲಕ್ಕೆ ಇಷ್ಟು ಅಂತ ಪ್ರೋತ್ಸಾಹ ಹಣ ಸಿಗುತ್ತದೆ. 25 ರೂಪಾಯಿ ಇದ್ದಿದ್ದನ್ನು 2021ರಲ್ಲಿ 65 ಮಾಡಿದರು. ಸಂತೋಷ. ಆದರೆ ಅದು ಹಂಚುವುದಕ್ಕೆ. ವಾಪಸ್ ತಗೊಳ್ಳುವವನಿಗೆ ಸಿಗುವುದು ಎಣಿಸುವ ಕೆಲಸ. ಸಂಜೆ ಕ್ಯಾಷ್ ಟ್ಯಾಲಿ ಆಗಬೇಕು, ಎದುರಿಗೆ ಕ್ಯೂ ಇದೆ, ಒಬ್ಬ ಬಂದು ಒಂದು ಮೂಟೆ ಚಿಲ್ಲರೆ ಟೇಬಲ್ ಮೇಲೆ ಇಟ್ಟರೆ ಯಾವ ಕ್ಯಾಷಿಯರ್ ಮುಖ ಅರಳುತ್ತದೆ ಹೇಳಿ?

ನಿಯಮ ಏನು ಅಂತಲೂ ತಿಳಿದುಕೊಂಡಿರಿ. ಗ್ರಾಹಕರು ಕಾಯಿನ್ ಕಟ್ಟುವುದಕ್ಕೆ ಮಿತಿ ಇಲ್ಲ. ಬ್ಯಾಂಕುಗಳು ತಗೊಳ್ಳಬೇಕು. ನೂರು ನೂರು ಎಣಿಸಿ ಸಣ್ಣ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಟ್ಟರೆ ಕ್ಯಾಷಿಯರ್‌ಗೂ ಸುಲಭ, ನಿಮಗೂ ಸುಲಭ. ಒಂದು, ಎರಡು ರೂಪಾಯಿಯನ್ನು ತೂಕದ ಮೇಲೂ ತಗೊಳ್ಳಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆದರೂ ಅಂಗಡಿ ಇಟ್ಟಿರುವ ನನ್ನ ತಮ್ಮ, ಒಂದು ಬ್ರಾಂಚಿಗೆ ಚಿಲ್ಲರೆ ತಗೊಂಡು ಹೋದಾಗ ಸ್ಟಾಫ್ ಇಲ್ಲ, ಮುಂದಿನ ವಾರ ಬನ್ನಿ ಅಂತ ಕಳಿಸಿದರು. ನಾನು ಜೊತೆಗೆ ಹೋಗಿ ನಿಯಮ ಹೇಳಿದ ಮೇಲೆ ತಗೊಂಡರು. ಎಲ್ಲರ ಮನೆಯಲ್ಲೂ ರಿಟೈರ್ಡ್ ಕ್ಯಾಷಿಯರ್ ಇರುವುದಿಲ್ಲವಲ್ಲ! 2023ರಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಕಾಯಿನ್ ಕೊಡುವ ಮೆಷಿನ್‌ಗಳನ್ನು 12 ಊರುಗಳಲ್ಲಿ ಪ್ರಯೋಗ ಮಾಡುತ್ತೇವೆ ಅಂತ ರಿಸರ್ವ್ ಬ್ಯಾಂಕಿನವರು ಅಂದರು. ಅದೂ ಕೊಡುವ ಮೆಷಿನ್ನೇ ನೋಡಿ. ನನಗೆ ಬೇಕಾಗಿರುವುದು ಸುರಿದರೆ ಎಣಿಸಿ ಖಾತೆಗೆ ಹಾಕುವ ಮೆಷಿನ್. ತಾಲ್ಲೂಕಿಗೆ ಒಂದು ಇಡಲಿ ಸಾಕು. ದೊಡ್ಡ ದೇವಸ್ಥಾನಗಳ ಹುಂಡಿ ಚಿಲ್ಲರೆಯೂ ಬೇಗ ಬೇಗ ಸಂತೆಗೆ ತಿರುಗಿ ಬರುತ್ತದೆ.

ಅತ್ತಿಗೆ, ನಿಮ್ಮ ಭಾರದ ಮಾತು. ಹತ್ತರ ಕಾಯಿನ್ ಒಂದು 7.7 ಗ್ರಾಂ ಇದೆ. ಸಾವಿರ ರೂಪಾಯಿಗೆ ನೂರು ಕಾಯಿನ್, ಮುಕ್ಕಾಲು ಕೆಜಿ ಮೇಲೆ. ಭಾರ ಹೌದು. ಆದರೆ ಸಾವಿರ ರೂಪಾಯಿಯನ್ನು ಹತ್ತು ಹತ್ತಾಗಿ ಯಾರು ಹೊರುತ್ತಾರೆ? ನಿಮ್ಮ ಪರ್ಸಿನಲ್ಲಿ ನಾಲ್ಕೋ ಐದೋ ಇರುತ್ತವೆ. ನೂರು ಹೊರುವುದು ಸೊಪ್ಪಿನವರು, ಹೂವಿನವರು. ನಮ್ಮ ಬೀದಿಯ ಹೂವಿನಮ್ಮನನ್ನು ಕೇಳಿದೆ. ನೀರು ಚಿಮುಕಿಸಿದ ಕೈಯಲ್ಲಿ ನೋಟು ಹಿಡಿದರೆ ಸಂಜೆಗೆ ಮುದ್ದೆ, ಕಾಯಿನ್ ಆದರೆ ತೊಳೆದು ಇಟ್ಟುಕೊಳ್ಳಬಹುದು ಅಂದಳು. ಮತ್ತೆ ಅವಳೇ, ಮನೆಗೆ ಹೋಗುವಾಗ ಮಾತ್ರ ನೋಟೇ ಬೇಕಪ್ಪ ಅಂತಲೂ ಅಂದಳು. ಎರಡೂ ನಿಜ.

ಇಪ್ಪತ್ತು ನೋಟಾಗಿ ಇರಲಿ ಅಂದಿದ್ದಕ್ಕೆ ಕಾರಣ ಬೇರೆ. ಹತ್ತರದ್ದು, ಇಪ್ಪತ್ತರದ್ದು ಎರಡೂ 27 ಮಿಲಿಮೀಟರ್ ಅಗಲ, ಎರಡೂ ಎರಡು ಬಣ್ಣ. ಹತ್ತರಲ್ಲಿ ಹೊರಗೆ ಹಳದಿ, ಒಳಗೆ ಬಿಳಿ. ಇಪ್ಪತ್ತರಲ್ಲಿ ಒಳಗೆ ಹಳದಿ, ಹೊರಗೆ ಬಿಳಿ. ಇಪ್ಪತ್ತಕ್ಕೆ 12 ಮೂಲೆ ಇದೆ, ನಿಜ. ಆದರೆ ರಾತ್ರಿ ಬಸ್ಸಿನಲ್ಲಿ ಮೂಲೆ ಎಣಿಸಿಕೊಂಡು ಕೂರಲು ಆಗುತ್ತದಾ? ಇದು ಹಳೇ ಚಾಳಿ. 2011ರಲ್ಲಿ ಬಂದ ಎರಡು ರೂಪಾಯಿ ಅಗಲದಲ್ಲಿ, ತೂಕದಲ್ಲಿ ಹಳೇ ಒಂದು ರೂಪಾಯಿಯಷ್ಟೇ ಇತ್ತು. ಹೊಸ ಒಂದು ರೂಪಾಯಿ ಹಳೇ ಎಂಟಾಣೆಯಷ್ಟು. ನಮ್ಮ ದೊಡ್ಡಪ್ಪನಿಗೆ ಕಣ್ಣು ಮಂದ ಆದ ಮೇಲೆ ಬೆರಳಲ್ಲೇ ಲೆಕ್ಕ ಹಾಕುತ್ತಿದ್ದರು, ಈ ಕಾಯಿನ್‌ಗಳು ಬಂದ ಮೇಲೆ ಅದೂ ಕೆಟ್ಟಿತು. 2019ರ ಸೀರೀಸ್‌ನಲ್ಲಿ ಕಣ್ಣು ಕಾಣದವರಿಗೆ ಅಂತಲೇ ಚಿಕ್ಕದರಿಂದ ದೊಡ್ಡದಕ್ಕೆ ಅಳತೆ ಏರಿಸಿದರು. ಒಳ್ಳೆಯ ಕೆಲಸ. ಆದರೆ ಹಳೇದೂ ಹೊಸದೂ ಒಟ್ಟಿಗೆ ಓಡಾಡುತ್ತಿವೆ.

ನೋಟಿನಲ್ಲಿ ಕಣ್ಣು ಕಾಣದವರಿಗೆ ಇನ್ನೂ ಕಷ್ಟ. ಮುಟ್ಟಿ ಗುರುತು ಹಿಡಿಯುವ ಉಬ್ಬು ಗುರುತು ಇರುವುದು ನೂರು ರೂಪಾಯಿಯಿಂದ ಮೇಲೆ. ಹತ್ತು, ಇಪ್ಪತ್ತು, ಐವತ್ತಕ್ಕೆ ಇಲ್ಲ. 2025ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಇದೇ ವಿಷಯ ಬಂದಿತ್ತು. ಐವತ್ತರ ಕಾಯಿನ್ ತರುವ ಯೋಚನೆ ಇಲ್ಲ, ಹತ್ತು ಇಪ್ಪತ್ತರಲ್ಲೂ ಜನ ಕಾಯಿನ್‌ಗಿಂತ ನೋಟನ್ನೇ ಇಷ್ಟಪಡುತ್ತಾರೆ ಅಂತ ಕೇಂದ್ರ ಹೇಳಿತು. ಎರಡನ್ನೂ ಕೈಗೆ ಕೊಟ್ಟು ಕೇಳಿದರೆ ಯಾರಾದರೂ ನೋಟೇ ಅನ್ನುತ್ತಾರೆ! ಅದನ್ನು ಉತ್ತರ ಅಂತ ನಾನು ಒಪ್ಪುವುದಿಲ್ಲ. ಐವತ್ತರ ನೋಟು ಹೋಗದೆ ಇರುವುದಕ್ಕೆ ನನಗೂ ಖುಷಿಯೇ, ಹಿಂದೆ ನಮ್ಮ ಹಂಪಿ ರಥ ಇದೆಯಲ್ಲ.

ಹುಡುಗರೇ, ಯುಪಿಐ. ನೀವು ಹೇಳುವುದು ಬಹಳ ಮಟ್ಟಿಗೆ ಸರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲೂ ನಮಗೆ ಚಿಲ್ಲರೆ ಜಗಳ ಇಲ್ಲ, ಟಿಕೆಟ್ ಹಿಂದೆ ಬಾಕಿ ಬರೆಸಿಕೊಂಡು ಇಳಿಯುವಾಗ ಮರೆಯುವುದೂ ಇಲ್ಲ. ಆದರೆ 2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯ, "ಕ್ಯಾಷ್ ಮಾತ್ರ" ಅಂತ ಬೋರ್ಡ್. ನೀವೇ ಗ್ರೂಪಿನಲ್ಲಿ ಟೀ ಕುಡಿಯಲು ಚಿಲ್ಲರೆ ಇಲ್ಲ ಅಂತ ಗೋಳಾಡಿದ್ದಿರಿ. ಮೆಸೇಜ್ ಇನ್ನೂ ಇದೆ, ಬೇಕಾದರೆ ಎತ್ತಿ ಹಾಕುತ್ತೇನೆ.

ಮೈಸೂರು ಚಿಕ್ಕಮ್ಮ ಕೇಳಿದ್ದರು, ಪ್ಲಾಸ್ಟಿಕ್ ನೋಟು ಏನಾಯಿತು ಅಂತ. ಹತ್ತರ ಪ್ಲಾಸ್ಟಿಕ್ ನೋಟನ್ನು ಐದು ಊರುಗಳಲ್ಲಿ ಪ್ರಯೋಗ ಮಾಡುತ್ತೇವೆ ಅಂತ 2014ರಲ್ಲಿ ಸಂಸತ್ತಿನಲ್ಲಿ ಹೇಳಿದ್ದರು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರ, ಐದನೆಯದು ನಿಮ್ಮ ಮೈಸೂರು. ನೋಟು ಅಚ್ಚಾಗುವ ಊರಿಗೇ ಆ ನೋಟು ಬರಲಿಲ್ಲ. ಬಂದಿದ್ದರೆ ಇವತ್ತಿನ ಮಾತೇ ಬೇರೆ ಇರುತ್ತಿತ್ತೇನೋ.

ಕೊನೆಗೆ ಒಂದು ಕೆಲಸದ ಮಾತು. ಹಬ್ಬಕ್ಕೆ ಮುಂಚೆ ಅಂಗಡಿ ತಮ್ಮನಿಗೆ ಒಂದು, ಎರಡು, ಐದರ ಚಿಲ್ಲರೆ ಬೇಕಂತೆ. ಭಾನುವಾರ ಬರುವವರು ಮನೆಯ ಡಬ್ಬಿ ತನ್ನಿ. ನೂರು ನೂರು ಬೇರೆ ಬೇರೆ ಕವರ್‌ನಲ್ಲಿ ಹಾಕಿ, ಮಿಕ್ಸ್ ಮಾಡಬೇಡಿ, ನಾನು ಎಣಿಸಿ ಅಲ್ಲೇ ನೋಟು ಕೊಡಿಸುತ್ತೇನೆ. ಎಂಟಾಣೆ ಇದ್ದರೂ ತನ್ನಿ, ಅದು ಇನ್ನೂ ಕಾನೂನು ಪ್ರಕಾರ ನಡೆಯುತ್ತದೆ, ಹತ್ತು ರೂಪಾಯಿವರೆಗೆ. ನಾಲ್ಕಾಣೆ ತರಬೇಡಿ, 2011ರ ಜೂನ್ 30ಕ್ಕೇ ಅದರ ಕಥೆ ಮುಗಿದಿದೆ.