'ಶಬ್ದ'ಕ್ಕೆ ಬೇರೆ ಶಬ್ದ ಬೇಕಾಗಿದೆ

ಗೆಳೆಯರೇ,

ರೈಲು, ವಿಮಾನಗಳ ಸದ್ದು ಮಕ್ಕಳ ಕಲಿಕೆಯನ್ನು ಹೇಗೆ ಕೆಡಿಸುತ್ತದೆ ಎಂಬ ಬಗ್ಗೆ ಲೇಖನ ಬರೆಯುತ್ತ ಕೂತು ಮೊದಲ ಪುಟದಲ್ಲೇ ಎಡವಿದ್ದೇನೆ. ನ್ಯೂಯಾರ್ಕಿನ ಒಂದು ಶಾಲೆಯ ಕುರಿತು ಮನಶ್ಶಾಸ್ತ್ರಜ್ಞೆ ಆರ್ಲೈನ್ ಬ್ರಾನ್‌ಜಾಫ್ಟ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಕೆಲವರಿಗೆ ಗೊತ್ತಿರಬಹುದು. ರೈಲುಹಳಿಯ ಬದಿಯ ಕೋಣೆಗಳ ಮಕ್ಕಳು ಆಚೆ ಬದಿಯವರಿಗಿಂತ ಓದಿನಲ್ಲಿ ಹಿಂದಿದ್ದರು. ನಾನು ಬರೆದದ್ದು: 'ಶಬ್ದ ಹೆಚ್ಚಿದ್ದ ಕಡೆ ಮಕ್ಕಳಿಗೆ ಶಬ್ದ ಓದುವುದೇ ಕಷ್ಟ.' ಮಗಳು ಓದಿ ನಕ್ಕಳು. ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿರುವುದೂ ಶಬ್ದವೇ, ಮಾಲಿನ್ಯ ಮಾಡುವುದೂ ಶಬ್ದವೇ!

ಗದ್ದಲ ಅಂದರೆ ಜನ ಸೇರಿರಬೇಕು. ವಿಧಾನಸಭೆಗೆ ಸರಿ, ವಿಮಾನಕ್ಕೆ ಒಗ್ಗದು. ಗಲಾಟೆ ಅಂದರೆ ತಪ್ಪು ಮಕ್ಕಳದೇ ಆಗಿಬಿಡುತ್ತದೆ. ಗೌಜಿ ಅನ್ನೋಣವೆಂದರೆ ನಮ್ಮ ಮಂಗಳೂರು ಕಡೆ ಅದು ಮದುವೆಮನೆಯ ಸಂಭ್ರಮ. ಸದ್ಯಕ್ಕೆ 'ಬೇಡದ ಸದ್ದು' ಅಂತ ಇಟ್ಟುಕೊಂಡಿದ್ದೇನೆ.

ಒತ್ತಡದ್ದು ಇನ್ನೊಂದು ತಾಪತ್ರಯ. 1992ರಲ್ಲಿ ಮ್ಯೂನಿಕ್ಕಿನ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಹೊಸದು ಶುರುವಾಯಿತು. ಹೊಸದರ ಆಸುಪಾಸಿನ ಮಕ್ಕಳ ರಕ್ತದೊತ್ತಡವನ್ನೂ ರಾತ್ರಿಯ ಮೂತ್ರದಲ್ಲಿನ ಅಡ್ರಿನಾಲಿನ್ (ಒತ್ತಡವಾದಾಗ ಮೈಯಲ್ಲಿ ಹೆಚ್ಚುವ ಹಾರ್ಮೋನು) ಪ್ರಮಾಣವನ್ನೂ ಅದು ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ಮತ್ತೊಮ್ಮೆ ಅಳೆದರು. ಎರಡೂ ಏರಿದ್ದವು. ಇದನ್ನು 'ದೈಹಿಕ ಒತ್ತಡ' ಅಂದರೆ ಮಕ್ಕಳು ಮೂಟೆ ಹೊತ್ತ ಹಾಗೆ ಕೇಳಿಸುತ್ತದೆ. 'ಮೈಬಿಗಿತ' ನೋವಿನ ಎಣ್ಣೆಯ ಜಾಹೀರಾತಿಗೆ ಸರಿ.

ನಿಜಕ್ಕೂ ಸಿಗದೇ ಕಾಡುತ್ತಿರುವ ಪದ ಬೇರೆಯದು. ದಿನವೂ ಸದ್ದಿನಲ್ಲೇ ಇರುವ ಮಗು ಸದ್ದನ್ನು ಒಳಗೆ ಬಿಟ್ಟುಕೊಳ್ಳದಿರಲು ಕಲಿಯುತ್ತದೆ. ಅದರ ಜೊತೆಗೆ ಟೀಚರ ಮಾತೂ ಹೊರಗೇ ಉಳಿಯುತ್ತದೆ. ಓದು ಹಿಂದುಳಿಯುವುದಕ್ಕೆ ಸಂಶೋಧಕರು ಕೊಡುವ ಕಾರಣಗಳಲ್ಲಿ ಇದೂ ಒಂದು. ನನಗೆ ಮೊದಲು ಹೊಳೆದದ್ದು 'ಜಾಣಕಿವುಡು'. ಆದರೆ ಜಾಣಕಿವುಡನಿಗೆ ಎಲ್ಲವೂ ಕೇಳಿಸಿರುತ್ತದೆ, ಈ ಮಗುವಿನದು ನಟನೆಯಲ್ಲ. 'ಕಿವಿಗೊಡದಿರುವುದು' ಅಂದರೆ ಹಟಮಾರಿ ಅನ್ನಿಸುತ್ತದೆ. 'ಕಿವಿಗೆ ರೂಢಿಯಾಗಿದೆ' ಅನ್ನುವುದುಂಟು, ಆದರೆ ರೂಢಿಯಾಯಿತು ಅಂದರೆ ತೊಂದರೆ ಮುಗಿಯಿತು ಎಂಬ ಧ್ವನಿ. ಇಲ್ಲಿ ತೊಂದರೆ ಶುರುವಾಗುವುದೇ ಅಲ್ಲಿಂದ.

ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರದ ಕಡೆಯವರು ಯಾರಾದರೂ ಇದ್ದೀರಾ? ಮನೆಯೊಳಗೇ ಪವರ್‌ಲೂಮ್ ಓಡುವಾಗ ಮೂರು ಸಲ ಕೂಗಿದರೂ ತಿರುಗಿ ನೋಡದ ಮಗುವಿಗೆ ನಿಮ್ಮಲ್ಲಿ ಅಮ್ಮಂದಿರು ಏನಂತ ಬೈಯುತ್ತಾರೆ? ನನಗೆ ಆ ಬೈಗುಳ ಬೇಕು.